ಕರುಳಿಗೂ ಒಂದು ವಯಸ್ಸು

ಆಫ್ರಿಕಾದ ಮಲಾವಿ ದೇಶದ ದಕ್ಷಿಣದ ಹಳ್ಳಿಗಳಲ್ಲಿ ವಿಜ್ಞಾನಿಗಳ ತಂಡವೊಂದು 317 ಜೋಡಿ ಅವಳಿ ಮಕ್ಕಳನ್ನು ಮೂರು ವರ್ಷ ತುಂಬುವವರೆಗೆ ಬಿಡದೆ ಗಮನಿಸಿತು. ಒಂದೇ ತಾಯಿ, ಒಂದೇ ಎದೆಹಾಲು, ಒಂದೇ ಒಲೆಯ ಮೇಲೆ ಬೆಂದ ಮೆಕ್ಕೆಜೋಳದ ಗಂಜಿ. ಹಾಗಿದ್ದೂ ನೂರಕ್ಕೆ 43 ಜೋಡಿಗಳಲ್ಲಿ ಒಂದು ಮಗು ಚೆನ್ನಾಗಿ ಬೆಳೆಯಿತು, ಇನ್ನೊಂದು ಅಪೌಷ್ಟಿಕತೆಗೆ ಬಿತ್ತು. ಕೆಲವು ಮಕ್ಕಳಲ್ಲಿ ಅದು ಕ್ವಾಶಿಯೋರ್ಕರ್ ಆಗಿ ಕಾಣಿಸಿತು. ಪಾದ, ಮುಖ ಊದಿಕೊಳ್ಳುತ್ತವೆ, ಕೂದಲು ಕೆಂಚಾಗುತ್ತದೆ, ಚರ್ಮ ಪದರ ಪದರವಾಗಿ ಏಳುತ್ತದೆ. ಊಟದ ಕೊರತೆಯೊಂದೇ ಕಾರಣವಾಗಿದ್ದರೆ ಇಬ್ಬರೂ ಸೊರಗಬೇಕಿತ್ತಲ್ಲವೇ?

ಸಂಶೋಧಕರು ಇಂಥ ಜೋಡಿಗಳ ಮಲದ ಮಾದರಿ ತೆಗೆದುಕೊಂಡು, ಒಂದೂ ಸೂಕ್ಷ್ಮಾಣುಜೀವಿಯಿಲ್ಲದಂತೆ ಪ್ರಯೋಗಾಲಯದಲ್ಲಿ ಬೆಳೆಸಿದ ಇಲಿಗಳ ಹೊಟ್ಟೆಗೆ ಸೇರಿಸಿದರು. ಎರಡೂ ಗುಂಪಿನ ಇಲಿಗಳಿಗೆ ಕೊಟ್ಟದ್ದು ಮಲಾವಿ ಮನೆಗಳ ಊಟವೇ: ಮೆಕ್ಕೆಜೋಳದ ಹಿಟ್ಟು, ಸೊಪ್ಪು, ಒಂದಿಷ್ಟು ಕಾಳು. ಕಾಯಿಲೆಯ ಮಗುವಿನ ಸೂಕ್ಷ್ಮಾಣುಗಳನ್ನು ಪಡೆದ ಇಲಿಗಳು ಇದ್ದಕ್ಕಿದ್ದಂತೆ ತೂಕ ಕಳೆದುಕೊಂಡವು. ಆರೋಗ್ಯವಂತ ಅವಳಿಯ ಸೂಕ್ಷ್ಮಾಣು ಪಡೆದವಕ್ಕೆ ಹಾಗಾಗಲಿಲ್ಲ. ಶೇಂಗಾ ಮತ್ತು ಹಾಲಿನಪುಡಿಯ ಚಿಕಿತ್ಸಾ ಪೇಸ್ಟ್ ತಿನ್ನಿಸಿದಾಗ ಇಲಿಗಳು ಚೇತರಿಸಿಕೊಂಡವು. ಮತ್ತೆ ಮನೆಯೂಟಕ್ಕೆ ಬಂದ ಕೂಡಲೇ ಹಿಂದಕ್ಕೆ ಜಾರಿದವು. 2013ರಲ್ಲಿ ಪ್ರಕಟವಾದ ಈ ಅಧ್ಯಯನದ ಮುಂಚೂಣಿಯಲ್ಲಿದ್ದವರು ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆಫ್ರಿ ಗೋರ್ಡನ್. ಕರುಳಿನಲ್ಲಿರುವ ಜೀವಿಗಳು ಹಸಿವಿಗೆ ಸಾಕ್ಷಿಯಷ್ಟೇ ಅಲ್ಲ, ಕೆಲವು ಸಲ ಪಾಲುದಾರರೂ ಹೌದು ಎಂಬ ಅನುಮಾನಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು ಅಲ್ಲಿಂದ.

ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಎರಡು ವಾರವಿದ್ದು ತೂಕ ಏರಿಸಿಕೊಂಡ ಮಗು ಊರಿಗೆ ಹೋದ ಕೆಲವೇ ತಿಂಗಳಲ್ಲಿ ಮತ್ತೆ ಸೊರಗಿ ಬರುವುದನ್ನು ನಮ್ಮ ಆಶಾ, ಅಂಗನವಾಡಿ ಕಾರ್ಯಕರ್ತೆಯರು ಚೆನ್ನಾಗಿ ಬಲ್ಲರು. ‘ಮನೇಲಿ ಸರಿಯಾಗಿ ತಿನ್ನಿಸಿಲ್ಲ’ ಎಂದು ತಾಯಿಯನ್ನು ಗದರಿ ವಿಷಯ ಮುಗಿಸುವುದು ಸುಲಭ. ಆ ಗದರಿಕೆಯಲ್ಲಿ ಅನ್ಯಾಯವಿದೆ ಎಂದು ನಾನು ನಂಬಿದ್ದೇನೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 19.5ರಷ್ಟು ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಇಷ್ಟೊಂದು ಮಕ್ಕಳ ವಿಷಯದಲ್ಲಿ ತಾಯಂದಿರೆಲ್ಲ ಅಜಾಗರೂಕರು ಎನ್ನುವುದು ವಿವರಣೆಯಾಗಲಾರದು. ಮಗುವಿಗೆ ಏನು ತಿನ್ನಿಸಿದೆವು ಎಂಬುದರ ಜೊತೆಗೆ, ಆ ಆಹಾರವನ್ನು ಬರಮಾಡಿಕೊಳ್ಳುವ ಸ್ಥಿತಿಯಲ್ಲಿ ಅದರ ಕರುಳು ಇದೆಯೇ ಎಂದೂ ಕೇಳಬೇಕಾಗಿದೆ.

ತೀರಾ ಸೊರಗಿದ ಮಗುವನ್ನು ಮೊದಲ ದಿನ ಹೇಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿದರೆ ಈ ಪ್ರಶ್ನೆ ಎಷ್ಟು ಆಳದ್ದು ಎಂದು ತಿಳಿಯುತ್ತದೆ. ತೋಳಿನ ಸುತ್ತಳತೆಯ ಪಟ್ಟಿ 11.5 ಸೆಂಟಿಮೀಟರ್‌ಗಿಂತ ಕೆಳಗೆ, ಕೆಂಪು ಬಣ್ಣಕ್ಕೆ ನಿಂತಿದೆ. ಮಗು ಅಳುವುದಕ್ಕೂ ಶಕ್ತಿಯಿಲ್ಲದೆ ಮಲಗಿದೆ. ಅಂಥ ಮಗುವಿಗೆ ವಾರ್ಡಿನಲ್ಲಿ ಮೊದಲು ಕೊಡುವುದು ಎಫ್-75 ಎಂಬ ತೆಳು ಹಾಲು. ಹಾಲಿನಪುಡಿ, ಸಕ್ಕರೆ, ಎಣ್ಣೆ, ಲವಣಗಳನ್ನು ಕಲಸಿ ಮಾಡಿದ ಇದರಲ್ಲಿ 100 ಮಿ.ಲೀ.ಗೆ 75 ಕಿಲೋ ಕ್ಯಾಲೊರಿ ಮಾತ್ರ. ಐದು ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ ಸಿಗುವುದು ಸುಮಾರು 55 ಮಿ.ಲೀ., ಹೋಟೆಲಿನ ಸಣ್ಣ ಕಾಫಿ ಲೋಟವೂ ತುಂಬದಷ್ಟು. ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿ, ಬಟ್ಟಲು ಚಮಚೆಯಲ್ಲಿ ಗುಟುಕು ಗುಟುಕಾಗಿ. ಕುಡಿಯಲಾರದ ಮಗುವಿಗೆ ಮೂಗಿನ ನಳಿಕೆಯಲ್ಲಿ.

ರಾಯಚೂರು, ಯಾದಗಿರಿ ಕಡೆಯ ತಾಯಂದಿರು ಇದನ್ನು ನೋಡಿ ಕಂಗಾಲಾಗುತ್ತಾರೆ. “ಇಷ್ಟ ಹಾಲೇನ್ರೀ ಅಕ್ಕಾರ? ಕೂಸು ಹಸದೈತ್ರಿ, ಇನ್ನೊಂದ್ ಲೋಟ ಕೊಡ್ರಲ್ಲ.” ನರ್ಸ್ ಹೇಳಬೇಕಾದ ಉತ್ತರ ತಾಯಿಯ ಮನಸ್ಸಿಗೆ ಒಪ್ಪುವಂಥದ್ದಲ್ಲ: “ಬ್ಯಾಡವಾ, ಈಗ ಜಾಸ್ತಿ ಕೊಟ್ರ ತಡಕೊಳ್ಳಂಗಿಲ್ಲ. ಎರಡ್ ತಾಸಿಗೊಮ್ಮೆ ಇಷ್ಟಿಷ್ಟ ಕುಡಸೂಣು.” ತಾಯಿಯ ಕರುಳು ಒಂದು ಹೇಳುತ್ತದೆ, ಮಗುವಿನ ಕರುಳು ಇನ್ನೊಂದು. ಬಹಳ ದಿನ ಉಪವಾಸವಿದ್ದ ದೇಹ ಹೃದಯ, ಮೂತ್ರಪಿಂಡ, ಯಕೃತ್ತುಗಳ ಕೆಲಸವನ್ನೆಲ್ಲ ತಗ್ಗಿಸಿಕೊಂಡು ಬದುಕುಳಿದಿರುತ್ತದೆ. ಜೀವಕೋಶಗಳೊಳಗೆ ಸೋಡಿಯಂ ಸೇರಿಕೊಂಡು ಪೊಟ್ಯಾಶಿಯಂ ಸೋರಿರುತ್ತದೆ. ಹೊಟ್ಟೆ ತುಂಬ ಅನ್ನ ಸಕ್ಕರೆ ಬಿದ್ದರೆ ಇನ್ಸುಲಿನ್ ಒಮ್ಮೆಲೇ ಏರಿ, ರಕ್ತದಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಪೊಟ್ಯಾಶಿಯಂ, ಫಾಸ್ಫೇಟ್‌ಗಳನ್ನೂ ಜೀವಕೋಶಗಳು ಎಳೆದುಕೊಳ್ಳುತ್ತವೆ. ಹೃದಯ ನಿಂತುಹೋಗಬಹುದು. ರಕ್ತಹೀನತೆ ಕಣ್ಣಿಗೆ ಹೊಡೆಯುವಂತಿದ್ದರೂ ಮೊದಲ ದಿನಗಳಲ್ಲಿ ಕಬ್ಬಿಣಾಂಶದ ಔಷಧ ಕೊಡುವುದಿಲ್ಲ. ಸೋಂಕು ಇಳಿದು, ಮಗುವಿಗೆ ತಾನಾಗಿ ಹಸಿವಾಗತೊಡಗಿದ ಮೇಲೆಯೇ ಅದು. ಆಮೇಲೆ ಇನ್ನಷ್ಟು ಸತ್ವದ ಎಫ್-100 ಹಾಲು, ಆಮೇಲೆ ಗಟ್ಟಿ ಆಹಾರ. ಈ ಕ್ರಮ ಬಂದ ಮೇಲೆ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಮುಂದೆ ಬರೆಯುವ ಯಾವ ಹೊಸ ಸಂಶೋಧನೆಯೂ ಇದಕ್ಕೆ ಬದಲಿಯಲ್ಲ.

ಇನ್ನು ಕರುಳಿನ ಒಳಗೆ ಏನಾಗಿರುತ್ತದೆ? ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲಿನಂತೆ ಲಕ್ಷಾಂತರ ಸಣ್ಣ ಎಳೆಗಳಿಂದ ತುಂಬಿರುತ್ತದೆ. ಆಹಾರವನ್ನು ಹೀರಿಕೊಳ್ಳುವುದು ಈ ಎಳೆಗಳೇ. ಇವುಗಳ ಮೇಲಿನ ಜೀವಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಸತ್ತು ಹೊಸದಾಗಿ ಹುಟ್ಟುತ್ತವೆ. ಅಷ್ಟು ವೇಗದಲ್ಲಿ ಮರುನಿರ್ಮಾಣ ನಡೆಯಬೇಕಾದರೆ ಪ್ರೋಟೀನು ಬೇಕು, ಸತು ಬೇಕು. ಬೇಧಿಯಾದ ಮಗುವಿಗೆ ಒಆರ್‌ಎಸ್ ಜೊತೆ 10ರಿಂದ 14 ದಿನ ಜಿಂಕ್ ಮಾತ್ರೆ ಕೊಡಿ ಎನ್ನುವುದು ಇದಕ್ಕಾಗಿಯೇ. ಬೇಧಿ ನಿಂತ ಎರಡನೇ ದಿನಕ್ಕೇ ಮಾತ್ರೆಯ ಪಟ್ಟಿ ಗೂಡು ಸೇರುವ ಮನೆಗಳೇ ಹೆಚ್ಚು. ಜಿಂಕ್ ಬೇಧಿ ನಿಲ್ಲಿಸುವ ಗುಳಿಗೆಯಷ್ಟೇ ಅಲ್ಲ, ಕರುಳನ್ನು ಮತ್ತೆ ಕಟ್ಟುವ ಸಾಮಗ್ರಿ ಎಂದು ಯಾರೂ ಹೇಳಿರುವುದಿಲ್ಲ.

ಹಸಿದ, ಪದೇಪದೇ ಸೋಂಕಿಗೆ ಸಿಕ್ಕ ಮಗುವಿನಲ್ಲಿ ಈ ಎಳೆಗಳು ಮೊಂಡಾಗಿ, ಚಪ್ಪಟೆಯಾಗಿ ಹೋಗುತ್ತವೆ. ಜೀವಕೋಶಗಳ ನಡುವಿನ ಬಿಗಿ ಸಡಿಲಾಗಿ ಕರುಳಿನ ಕಸ ರಕ್ತಕ್ಕೆ ಸೋರುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆ ಸದಾ ಉರಿಯೂತದಲ್ಲಿ ಮುಳುಗಿರುತ್ತದೆ. ಬೆಳವಣಿಗೆಗೆ ಹೋಗಬೇಕಾದ ಶಕ್ತಿ ಆ ಉರಿಗೆ ಖರ್ಚಾಗುತ್ತದೆ. ವಿಚಿತ್ರವೆಂದರೆ ಹೊರಗಿನಿಂದ ನೋಡಿದರೆ ಏನೂ ಕಾಣದೆ ಇರಬಹುದು. ಬೇಧಿಯಿಲ್ಲ, ವಾಂತಿಯಿಲ್ಲ. ಮಗು ಮಾತ್ರ ಬೆಳೆಯುತ್ತಿಲ್ಲ.

ಇದು ಬಡವರ ಮೈಯ ಜಾಯಮಾನವೆಂದು ಬಹಳ ಕಾಲ ತಿಳಿದವರಿದ್ದರು. ಅದು ಸುಳ್ಳೆಂದು ತೋರಿಸಿದವರು ಅಮೆರಿಕದ ಯುವಕ ಯುವತಿಯರು, ಅದೂ ತಮಗೇ ಅರಿವಿಲ್ಲದೆ. 1960ರ ದಶಕದಲ್ಲಿ ಪೀಸ್ ಕೋರ್ ಸ್ವಯಂಸೇವಕರಾಗಿ ಅಂದಿನ ಪಾಕಿಸ್ತಾನಕ್ಕೆ ಬಂದಿದ್ದ ಗಟ್ಟಿಮುಟ್ಟಾದ ಅಮೆರಿಕನ್ನರ ಕರುಳನ್ನು ವೈದ್ಯ ಜಾನ್ ಲಿಂಡೆನ್‌ಬಾಮ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಅವರಲ್ಲೂ ಎಳೆಗಳು ಮೊಂಡಾಗಿದ್ದವು, ಹೀರುವ ಶಕ್ತಿ ಕುಗ್ಗಿತ್ತು. ಸ್ವದೇಶಕ್ಕೆ ಮರಳಿದ ಮೇಲೆ ನಿಧಾನವಾಗಿ ಸರಿಹೋಯಿತು. ಅಂದರೆ ದೋಷ ವಂಶದ್ದಲ್ಲ, ಜಾತಿಯದ್ದಲ್ಲ, ಜಾಗದ್ದು. ದಕ್ಷಿಣ ಭಾರತದಲ್ಲಿ ಇದೇ ಸ್ಥಿತಿಯನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ವೆಲ್ಲೂರು, ಢಾಕಾ ಸೇರಿ ಎಂಟು ದೇಶಗಳ ಎಂಟು ಊರುಗಳಲ್ಲಿ 2009ರಿಂದ ನಡೆದ ಮಾಲ್-ಎಡ್ ಅಧ್ಯಯನ ಇನ್ನೊಂದು ವಿಷಯ ತಿಳಿಸಿತು: ಬೇಧಿಯನ್ನೇ ಉಂಟುಮಾಡದೆ ಕರುಳಿನಲ್ಲಿ ಬೀಡುಬಿಟ್ಟ ಶಿಗೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್, ಜಿಯಾರ್ಡಿಯಾದಂಥ ಸೋಂಕುಗಳೂ ಮಗುವಿನ ಎತ್ತರವನ್ನು ತಿನ್ನುತ್ತವೆ. ಬಾಯಿಗೆ ಹಾಕುವ ಲಸಿಕೆಗಳು ಶ್ರೀಮಂತ ದೇಶಗಳ ಮಕ್ಕಳಲ್ಲಿ ಕೆಲಸ ಮಾಡಿದಷ್ಟು ನಮ್ಮ ಮಕ್ಕಳಲ್ಲಿ ಮಾಡದಿರುವುದಕ್ಕೂ ಕರುಳಿನ ಈ ಸ್ಥಿತಿ ಒಂದು ಕಾರಣವಿರಬೇಕು ಎಂಬುದು ತಜ್ಞರ ಊಹೆ.

ಇಲ್ಲಿಂದ ಕತೆ ಢಾಕಾದ ಮಿರ್‌ಪುರಕ್ಕೆ ಹೋಗುತ್ತದೆ. ಗಾರ್ಮೆಂಟ್ ಕಾರ್ಮಿಕರು, ರಿಕ್ಷಾ ತುಳಿಯುವವರು ಒತ್ತೊತ್ತಾಗಿ ಬದುಕುವ ಬಡಾವಣೆ ಅದು. 1960ರಲ್ಲಿ ಕಾಲರಾ ಪ್ರಯೋಗಾಲಯವಾಗಿ ಶುರುವಾಗಿ, 1968ರಲ್ಲಿ ಉಪ್ಪು ಸಕ್ಕರೆಯ ನೀರು ಕಾಲರಾ ರೋಗಿಯನ್ನು ಉಳಿಸಬಲ್ಲದು ಎಂದು ತೋರಿಸಿಕೊಟ್ಟ ಅಂತರರಾಷ್ಟ್ರೀಯ ಅತಿಸಾರ ಸಂಶೋಧನಾ ಕೇಂದ್ರ ಆ ನಗರದಲ್ಲೇ ಇದೆ. ಅಲ್ಲಿನ ತಹ್ಮೀದ್ ಅಹ್ಮದ್ ಮತ್ತು ಗೋರ್ಡನ್ ಒಟ್ಟಾಗಿ ಮಿರ್‌ಪುರದ ಆರೋಗ್ಯವಂತ ಮಕ್ಕಳ ಮಲವನ್ನು ಹುಟ್ಟಿದಂದಿನಿಂದ ಎರಡು ವರ್ಷದವರೆಗೆ ತಿಂಗಳು ತಿಂಗಳೂ ಪರೀಕ್ಷಿಸಿದರು. ಯಾವ ತಿಂಗಳಲ್ಲಿ ಯಾವ ಬ್ಯಾಕ್ಟೀರಿಯಾ ಬಂದು ನೆಲೆಸುತ್ತದೆ, ಯಾವುದು ಹಿಂದೆ ಸರಿಯುತ್ತದೆ ಎಂಬುದಕ್ಕೆ ಒಂದು ಖಚಿತ ಕ್ರಮವಿದೆ ಎಂದು ಕಂಡಿತು. ಎದೆಹಾಲು ಕುಡಿಯುವ ಕೂಸಿನಲ್ಲಿ ಬೈಫಿಡೋಬ್ಯಾಕ್ಟೀರಿಯಾಗಳದ್ದೇ ರಾಜ್ಯ. ತಾಯಿಯ ಹಾಲಿನಲ್ಲಿ ಮಗುವಿಗೆ ಜೀರ್ಣವೇ ಆಗದ ಸಕ್ಕರೆಯ ಸರಪಳಿಗಳಿವೆ. ಅವು ಇರುವುದೇ ಈ ಬ್ಯಾಕ್ಟೀರಿಯಾಗಳ ಊಟಕ್ಕೆ. ಪ್ರಕೃತಿ ತಾಯಿಯ ಎದೆಯಲ್ಲಿ ಮಗುವಿಗೂ ಅದರ ಒಳಗಿನ ಜೀವಿಗಳಿಗೂ ಒಟ್ಟಿಗೇ ಬಡಿಸಿದೆ ಎಂಬ ಈ ಸಂಗತಿ ನನ್ನನ್ನು ಪ್ರತಿಸಲವೂ ಬೆರಗಾಗಿಸುತ್ತದೆ. ಹುಟ್ಟಿದ ಕೂಡಲೇ ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ ನೆಕ್ಕಿಸಬೇಡಿ, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ ಎಂದು ಆಶಾ ಕಾರ್ಯಕರ್ತೆ ಹೇಳುವ ಮಾತಿಗೆ ಇಷ್ಟು ದೊಡ್ಡ ಹಿನ್ನೆಲೆಯಿದೆ. ಢಾಕಾದಲ್ಲಿ ತೀವ್ರ ಅಪೌಷ್ಟಿಕತೆಯ ಎರಡರಿಂದ ಆರು ತಿಂಗಳ ಕೂಸುಗಳ ಕರುಳಿನಲ್ಲಿ ಈ ಬೈಫಿಡೋಬ್ಯಾಕ್ಟೀರಿಯಾ ತೀರಾ ವಿರಳವಾಗಿತ್ತು. ಅದನ್ನು ಬಾಯಿಯ ಮೂಲಕ ಕೊಟ್ಟಾಗ ತೂಕ ಚೆನ್ನಾಗಿ ಏರಿತು ಎಂದು 2022ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದು ಹೇಳಿದೆ.

ಆರು ತಿಂಗಳ ನಂತರ ಅನ್ನ, ಬೇಳೆ, ಹಣ್ಣು ಸೇರುತ್ತಿದ್ದಂತೆ ಬೇರೆ ಜೀವಿಗಳು ಬರುತ್ತವೆ. ಎರಡು ವರ್ಷದ ಹೊತ್ತಿಗೆ ಕರುಳಿನ ಸಮುದಾಯ ಬಹುಮಟ್ಟಿಗೆ ದೊಡ್ಡವರದ್ದರಂತೆ ಆಗುತ್ತದೆ. ಹೀಗೆ 24 ಬಗೆಯ ಬ್ಯಾಕ್ಟೀರಿಯಾಗಳನ್ನು ನೋಡಿದರೆ ಮಗುವಿನ ಕರುಳಿಗೆ ಎಷ್ಟು ತಿಂಗಳು ಎಂದು ಹೇಳಬಹುದಿತ್ತು. ಅದೇ ಅಳತೆಯಿಂದ ತೀವ್ರ ಅಪೌಷ್ಟಿಕತೆಯ 64 ಮಕ್ಕಳನ್ನು ನೋಡಿದಾಗ ಎದೆ ಝಲ್ಲೆನ್ನುವ ಚಿತ್ರ ಸಿಕ್ಕಿತು: ಮಗುವಿಗಿಂತ ಅದರ ಕರುಳು ತಿಂಗಳುಗಟ್ಟಲೆ ಚಿಕ್ಕದು. ಕೆಲವರಿಗೆ ಶೇಂಗಾ ಆಧಾರಿತ ಚಿಕಿತ್ಸಾ ಪೇಸ್ಟ್, ಕೆಲವರಿಗೆ ಬಂಗಾಳದ ಖಿಚುಡಿ ಮತ್ತು ಹಲ್ವಾ ತಿನ್ನಿಸಿದರು. ಎರಡರಿಂದಲೂ ತೂಕ ಏರಿತು, ಕರುಳಿನ ವಯಸ್ಸೂ ಒಂದಿಷ್ಟು ಏರಿತು. ಚಿಕಿತ್ಸೆ ನಿಂತ ಕೆಲವೇ ತಿಂಗಳಲ್ಲಿ ಅದು ಮತ್ತೆ ಹಿಂದೆ ಬಿತ್ತು. 2014ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ, ತಕ್ಕಡಿಯಲ್ಲಿ ಗುಣವಾದ ಮಗು ಒಳಗೆ ಗುಣವಾಗಿರಲೇಬೇಕೆಂದಿಲ್ಲ ಎಂದು ಸ್ಪಷ್ಟವಾಯಿತು.

ಮುಂದಿನ ಹೆಜ್ಜೆಯನ್ನು ನಾನು ತುಂಬ ಮೆಚ್ಚುತ್ತೇನೆ. ಔಷಧ ಹುಡುಕುವ ಬದಲು ಅವರು ಅಡುಗೆಮನೆಗೆ ಹೋದರು. ಮಿರ್‌ಪುರದ ತಾಯಂದಿರು ಒಂದು, ಒಂದೂವರೆ ವರ್ಷದ ಮಕ್ಕಳಿಗೆ ತಿನ್ನಿಸುವ ಸಾಮಾನ್ಯ ಪದಾರ್ಥಗಳಲ್ಲಿ ಯಾವುದು ಹಿಂದುಳಿದ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತದೆ ಎಂದು ಇಲಿಗಳಲ್ಲಿ, ಹಂದಿಮರಿಗಳಲ್ಲಿ ಪರೀಕ್ಷಿಸಿದರು. ಕಡಲೆ, ಸೋಯಾ, ಶೇಂಗಾ, ಬಾಳೆಕಾಯಿ ಈ ನಾಲ್ಕು ಮೇಲೆ ಬಂದವು. ಅನ್ನ, ಹಾಲಿನಪುಡಿ ಅಷ್ಟು ಕೆಲಸ ಮಾಡಲಿಲ್ಲ. ನಾಲ್ಕನ್ನೂ ಕೂಡಿಸಿ, ಸಕ್ಕರೆ, ಸೋಯಾ ಎಣ್ಣೆ, ಜೀವಸತ್ವ ಬೆರೆಸಿ ಮಾಡಿದ ಮಿಶ್ರಣಕ್ಕೆ ಎಂಡಿಸಿಎಫ್-2 ಎಂಬ ಒಣ ಹೆಸರು. ಮೊದಲು 63 ಮಕ್ಕಳಲ್ಲಿ ನಾಲ್ಕು ವಾರ ನೋಡಿದರು. 2019ರಲ್ಲಿ ಆ ವರದಿ ಬಂತು. ನಂತರ ಮಧ್ಯಮ ಪ್ರಮಾಣದ ಅಪೌಷ್ಟಿಕತೆಯ, 12ರಿಂದ 18 ತಿಂಗಳ 118 ಮಕ್ಕಳು. ಅರ್ಧ ಮಕ್ಕಳಿಗೆ ಈ ಮಿಶ್ರಣ, ಉಳಿದರ್ಧ ಮಕ್ಕಳಿಗೆ ಅಕ್ಕಿ, ಬೇಳೆ, ಹಾಲಿನಪುಡಿಯ ಚಾಲ್ತಿಯಲ್ಲಿರುವ ಪೂರಕ ಆಹಾರ. ದಿನಕ್ಕೆ ಎರಡು ಹೊತ್ತು, ಮೂರು ತಿಂಗಳು.

ಹೊಸ ಮಿಶ್ರಣದಲ್ಲಿ ಕ್ಯಾಲೊರಿ ಹಳೆಯದಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆಯಿತ್ತು. ಆದರೂ ಅದನ್ನು ತಿಂದ ಮಕ್ಕಳ ತೂಕವೇ ಹೆಚ್ಚು ವೇಗವಾಗಿ ಸುಧಾರಿಸಿತು. ಕ್ಯಾಲೊರಿ ಲೆಕ್ಕವೇ ಎಲ್ಲವೂ ಎಂದು ನಂಬಿದ ಪೌಷ್ಟಿಕ ಯೋಜನೆಗಳಿಗೆ ಇದು ಅರಗಿಸಿಕೊಳ್ಳಲು ಕಷ್ಟದ ಸುದ್ದಿ. ರಕ್ತದಲ್ಲಿ ಮೂಳೆಯ ಬೆಳವಣಿಗೆ, ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಪ್ರೋಟೀನುಗಳು ಏರಿದವು; ಉರಿಯೂತದವು ಇಳಿದವು. ತೂಕದ ಸುಧಾರಣೆಯ ಜೊತೆ ಹೆಜ್ಜೆ ಹಾಕಿದ 21 ಬಗೆಯ ಬ್ಯಾಕ್ಟೀರಿಯಾಗಳನ್ನು ಗುರುತಿಸಿದರು. ಅವುಗಳಲ್ಲಿ ಪ್ರೆವೋಟೆಲ್ಲಾ ಕೋಪ್ರಿ ಎಂಬುದರ ಕೆಲವು ತಳಿಗಳು ಮುಖ್ಯ ಎಂದು ಮುಂದಿನ ಅಧ್ಯಯನ ತೋರಿಸಿತು. ಕಡಲೆ, ಶೇಂಗಾ, ಬಾಳೆಕಾಯಿಯ ಜೀವಕೋಶದ ಗೋಡೆಗಳಲ್ಲಿರುವ, ನಮ್ಮ ಕರುಳು ತಾನಾಗಿ ಒಡೆಯಲಾರದ ನಾರನ್ನು ಒಡೆಯುವ ಸಲಕರಣೆ ಆ ತಳಿಗಳಲ್ಲಿದೆ. ಹಾಗೆ ನಾರು ಒಡೆದಾಗ ಹುಟ್ಟುವ ಸಣ್ಣ ಕೊಬ್ಬಿನಾಮ್ಲಗಳು ದೊಡ್ಡ ಕರುಳಿನ ಗೋಡೆಗೆ ನೇರ ಆಹಾರ.

ಬಾಳೆಕಾಯಿಯ ವಿಷಯದಲ್ಲಿ ಢಾಕಾದವರಿಗೆ ಹಿಂದೆಯೇ ಅನುಭವವಿತ್ತು. ಎರಡು ವಾರ ದಾಟಿದರೂ ನಿಲ್ಲದ ಬೇಧಿಯ 62 ಗಂಡುಕೂಸುಗಳ ಮೇಲೆ ಅದೇ ಕೇಂದ್ರದ ಜಿ.ಎಚ್. ರಬ್ಬಾನಿ ತಂಡ ಪ್ರಯೋಗ ಮಾಡಿ, ಬೇಯಿಸಿದ ಬಾಳೆಕಾಯಿ ಬೆರೆಸಿದ ಅನ್ನದ ಆಹಾರದಿಂದ ಬೇಧಿ ಬೇಗ ಹತೋಟಿಗೆ ಬರುತ್ತದೆ ಎಂದು 2001ರಲ್ಲೇ ಬರೆದಿತ್ತು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. 118 ಮಕ್ಕಳು, ಒಂದೇ ಬಡಾವಣೆ, ಮೂರು ತಿಂಗಳು. ಆ ಅವಧಿಯಲ್ಲಿ ಸುಧಾರಿಸಿದ್ದು ತೂಕ. ಎತ್ತರದಲ್ಲಿ ಎರಡು ಗುಂಪುಗಳ ನಡುವೆ ಎದ್ದು ಕಾಣುವ ಅಂತರ ಬರಲಿಲ್ಲ. ಕಡಲೆಹಿಟ್ಟು, ಶೇಂಗಾಪುಡಿ, ಬಾಳೆಕಾಯಿ ಕಲಸಿ ಮನೆಯಲ್ಲೇ ಮಾಡಿಕೊಂಡರೆ ತೀವ್ರ ಅಪೌಷ್ಟಿಕತೆ ಗುಣವಾಗುತ್ತದೆ ಎಂದು ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ನಂಬಬೇಡಿ. ಪಾದ ಊದಿದ, ಊಟ ಬಿಟ್ಟ, ಮಂಕಾಗಿ ಮಲಗಿದ ಮಗುವಿಗೆ ಬೇಕಿರುವುದು ಆಸ್ಪತ್ರೆ, ಅದೂ ಇವತ್ತೇ.

ಆದರೆ ಢಾಕಾದ ಕೆಲಸವನ್ನು ಓದುವಾಗ ಕನ್ನಡದ ಓದುಗರಿಗೆ ನಮ್ಮದೇ ಒಂದು ತಿನಿಸು ನೆನಪಾಗದೆ ಇರದು. ರಾಗಿ ಸರಿ. ಹಳೇ ಮೈಸೂರಿನ ಮನೆಗಳಲ್ಲಿ ಅದನ್ನು ಮಾಡುವ ಕ್ರಮ ನೋಡಿ. ರಾಗಿಯನ್ನು ತೊಳೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಿಳಿ ಪಂಚೆಯಲ್ಲಿ ಗಂಟು ಕಟ್ಟಿ ಇಡುತ್ತಾರೆ. ಒಂದೆರಡು ದಿನದಲ್ಲಿ ಬಟ್ಟೆಯ ಸಂದಿಯಿಂದ ಬಿಳಿ ಮೊಳಕೆ ಇಣುಕುತ್ತದೆ. ನೆರಳಲ್ಲಿ ಹರಡಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆಯ ಎಳೆಗಳನ್ನು ಕೇರಿ ತೆಗೆದು, ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಬೆಚ್ಚಗೆ ಮಾಡುತ್ತಾರೆ. ಬೀಸಿ, ತೆಳು ಬಟ್ಟೆಯಲ್ಲಿ ಜಾಲಾಡಿ ತೆಗೆದ ಹಿಟ್ಟು ಮುಟ್ಟಿದರೆ ಪೌಡರಿನ ಹಾಗೆ ಕೈಗೆ ಹತ್ತುತ್ತದೆ. ಮೊಳಕೆ ಬರಿಸದ ರಾಗಿ ಹಿಟ್ಟನ್ನು ನೀರಿಗೆ ಹಾಕಿ ಕುದಿಸಿದರೆ ನಿಮಿಷದಲ್ಲಿ ಗಟ್ಟಿ ಅಂಬಲಿ. ಅದೇ ಪ್ರಮಾಣದ ಸರಿಹಿಟ್ಟು ಒಲೆಯ ಮೇಲೆ ತೆಳ್ಳಗೇ ಹರಿಯುತ್ತದೆ.

ಈ ವ್ಯತ್ಯಾಸದಲ್ಲಿ ಒಂದು ಮಗುವಿನ ಪೋಷಣೆ ಅಡಗಿದೆ. ವರ್ಷದ ಮಗುವಿನ ಹೊಟ್ಟೆ ಚಿಕ್ಕದು. ಕಿಲೋ ತೂಕಕ್ಕೆ ಸುಮಾರು 30 ಮಿ.ಲೀ. ಹಿಡಿಸುತ್ತದೆ. ಎಂಟು ಕಿಲೋ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ ಒಂದು ಲೋಟ. ಗಂಜಿ ಗಟ್ಟಿಯಾದರೆ ಮಗು ನುಂಗದು, ನೀರು ಹೆಚ್ಚಿಸಿದರೆ ಹೊಟ್ಟೆ ತುಂಬುತ್ತದೆ, ಸತ್ವವಿಲ್ಲ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಮುಂಚೆಯೇ ಕತ್ತರಿಸಿ ಗಂಜಿಯನ್ನು ತೆಳುವಾಗಿಸುತ್ತದೆ. ಹಾಗಾಗಿ ಅದೇ ಲೋಟಕ್ಕೆ ಹೆಚ್ಚು ಹಿಟ್ಟು ಹಿಡಿಸಬಹುದು. ಕಬ್ಬಿಣಾಂಶವನ್ನು ಕಟ್ಟಿಹಾಕುವ ಫೈಟೇಟ್ ಕೂಡ ಮೊಳಕೆಯಲ್ಲಿ ಇಳಿಯುತ್ತದೆ. ರಾಗಿಯನ್ನು ಕಪ್ಪಾಗುವಂತೆ ಹುರಿದರೆ ಮಾತ್ರ ಕಿಣ್ವ ಸತ್ತುಹೋಗಿ, ಪಟ್ಟ ಶ್ರಮವೆಲ್ಲ ವ್ಯರ್ಥ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಇದನ್ನೇ ವಿಜ್ಞಾನದ ಅಳತೆಗೆ ತಂದು, ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವನ್ನು 1982ರಲ್ಲೇ ರೂಪಿಸಿದ್ದರು. ಅಜ್ಜಿಯರು ಹೇಳಿದ್ದೆಲ್ಲ ಸರಿ ಎಂದು ಒಪ್ಪುವ ಸ್ವಭಾವ ನನ್ನದಲ್ಲ. ಜೇನು, ಹರಳೆಣ್ಣೆಯ ವಿಷಯ ಮೇಲೆ ಬರೆದಿದ್ದೇನೆ. ಸರಿಹಿಟ್ಟನ್ನು ಒಪ್ಪುವುದು ಅದು ಪರೀಕ್ಷೆಯಲ್ಲಿ ಗೆದ್ದಿದೆ ಎಂಬ ಕಾರಣಕ್ಕೆ.

ಕಾಸರಗೋಡು, ದಕ್ಷಿಣ ಕನ್ನಡದ ಮನೆಗಳಲ್ಲಿ ಕೂಸಿಗೆ ಬಾಳೆಕಾಯಿ ಹುಡಿಯ ಮಣ್ಣಿ ತಿನ್ನಿಸುವ ರೂಢಿಯೂ ಇದೆ. ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಅವರು 2021ರಲ್ಲಿ ಹುಟ್ಟುಹಾಕಿದ ‘ಬಾಕಾಹು’ (ಬಾಳೆಕಾಯಿ ಹುಡಿ) ಆಂದೋಲನದಿಂದ ಉತ್ತರ ಕನ್ನಡ, ತುಮಕೂರು ಕಡೆಯ ಹೆಣ್ಣುಮಕ್ಕಳು ಬೆಲೆ ಕುಸಿದ ಬಾಳೆಕಾಯಿಯನ್ನು ಒಣಗಿಸಿ ಹುಡಿ ಮಾಡಲು ಕಲಿತರು. ರಾಗಿ, ಕಡಲೆ, ಶೇಂಗಾ, ಬಾಳೆಕಾಯಿ ನಾಲ್ಕೂ ಈ ನೆಲದಲ್ಲೇ ಬೆಳೆಯುತ್ತವೆ. ಇವುಗಳಿಂದ ಮಾಡಿದ ಮಿಶ್ರಣ ನಮ್ಮ ಮಕ್ಕಳ ಕರುಳಿನಲ್ಲಿ ಏನು ಮಾಡುತ್ತದೆ ಎಂದು ಢಾಕಾದವರಷ್ಟು ಶ್ರದ್ಧೆಯಿಂದ ಪರೀಕ್ಷಿಸಬೇಕಾದ ಕೆಲಸ ಇಲ್ಲಿಯ ವಿಜ್ಞಾನಿಗಳದು. ಅಂಗನವಾಡಿಯಿಂದ ಮನೆಗೆ ಹೋಗುವ ಹಿಟ್ಟಿನ ಪೊಟ್ಟಣದ ಮೇಲೆ ಕ್ಯಾಲೊರಿ, ಪ್ರೋಟೀನಿನ ಗ್ರಾಂ ಅಚ್ಚಾಗಿರುತ್ತದೆ. ಅದರೊಳಗಿನ ಸಕ್ಕರೆ ಎಷ್ಟು, ನಾರು ಯಾವ ಬಗೆಯದು ಎಂಬ ಪ್ರಶ್ನೆಯೂ ಟೆಂಡರಿನಲ್ಲಿ ಬರಲಿ.

ಆಹಾರವೊಂದೇ ಸಾಲದು ಎಂಬುದೂ ಅಷ್ಟೇ ನಿಜ. ಢಾಕಾದಲ್ಲೇ, ಪೂರಕ ಆಹಾರದಿಂದ ಸುಧಾರಿಸದ, ಸರಾಸರಿ 18 ತಿಂಗಳ 110 ಕುಳ್ಳ ಮಕ್ಕಳ ಸಣ್ಣ ಕರುಳಿಗೆ ಎಂಡೋಸ್ಕೋಪಿ ನಳಿಕೆ ಇಳಿಸಿ ನೋಡಿದ ಅಧ್ಯಯನ 2020ರಲ್ಲಿ ಬಂತು. ಇರಬಾರದ ಆ ಜಾಗದಲ್ಲಿ 14 ಬಗೆಯ ಬ್ಯಾಕ್ಟೀರಿಯಾಗಳು ಸೇರಿಕೊಂಡಿದ್ದವು. ಅವು ಹೆಚ್ಚಿದಷ್ಟೂ ಮಗುವಿನ ಎತ್ತರ ಕಡಿಮೆ. ಸಾಮಾನ್ಯವಾಗಿ ರೋಗಾಣುಗಳೆಂದು ಎಣಿಸುವ ಜೀವಿಗಳೇ ಅಲ್ಲ ಅವು. ಕೊಳಕು ನೀರು, ಕೋಳಿ ಆಡಿನ ಹಿಕ್ಕೆ ಬಿದ್ದ ನೆಲ, ಅದೇ ನೆಲದಲ್ಲಿ ಅಂಬೆಗಾಲಿಕ್ಕಿ ಬೆರಳು ಚೀಪುವ ಕೂಸು: ಇವು ಇರುವವರೆಗೆ ಕರುಳಿಗೆ ಪುರಸೊತ್ತಿಲ್ಲ. ಹಾಗಾದರೆ ಶೌಚಾಲಯ ಕಟ್ಟಿಸಿ, ನೀರಿಗೆ ಕ್ಲೋರಿನ್ ಹಾಕಿ, ಕೈತೊಳೆಯಲು ಕಲಿಸಿದರೆ ಆಯಿತಲ್ಲ ಎಂದುಕೊಂಡು ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ಸಾವಿರಾರು ಕುಟುಂಬಗಳೊಂದಿಗೆ ದೊಡ್ಡ ಪ್ರಯೋಗಗಳು ನಡೆದವು. 2018, 2019ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ತಬ್ಬಿಬ್ಬಾಗಿಸಿತು. ಬಾಂಗ್ಲಾದೇಶದಲ್ಲಿ ಬೇಧಿ ಇಳಿಯಿತು. ಆದರೆ ಶುಚಿತ್ವವೊಂದರಿಂದಲೇ ಮಕ್ಕಳ ಎತ್ತರ ಎಲ್ಲೂ ಏರಲಿಲ್ಲ. ಪೂರಕ ಆಹಾರ ಕೊಟ್ಟ ಕಡೆ ಅಲ್ಪಸ್ವಲ್ಪ ಏರಿತು. ಇದರಿಂದ ಶುಚಿತ್ವ ದಂಡ ಎಂದು ತೀರ್ಮಾನಿಸುವವರಿದ್ದಾರೆ. ಹಾಗಲ್ಲ. ಬಡವರಿಗೆಂದು ಕೊಟ್ಟ ಅಗ್ಗದ ಶುಚಿತ್ವ ಸಾಲಲಿಲ್ಲ. ಶ್ರೀಮಂತ ದೇಶದ ಮಕ್ಕಳ ಕರುಳನ್ನು ಕಾಪಾಡಿದ್ದು ಮನೆಯೊಳಗೆ ದಿನವಿಡೀ ಬರುವ ನಲ್ಲಿ ನೀರು, ಒಳಚರಂಡಿ, ಗಾರೆಯ ನೆಲ. ನಮ್ಮ ಮಕ್ಕಳಿಗೂ ಬೇಕಿರುವುದು ಅದೇ, ಅದಕ್ಕಿಂತ ಕಡಿಮೆಯದ್ದಲ್ಲ.

ಇನ್ನೊಂದು, ನಾವೇ ಮಾಡುತ್ತಿರುವ ಕೆಡುಕು. ಮಕ್ಕಳ ಬೇಧಿಯಲ್ಲಿ ಬಹಳಷ್ಟು ವೈರಸ್ಸಿನಿಂದ ಬರುವುದು. ಒಆರ್‌ಎಸ್, ಜಿಂಕ್, ಎದೆಹಾಲು, ಊಟ ಮುಂದುವರಿಸಿದರೆ ಇಳಿಯುತ್ತದೆ. ಆದರೂ ಮೆಡಿಕಲ್ ಶಾಪಿನಿಂದ ಕೈಗೆ ಬರುವುದು ಆಂಟಿಬಯಾಟಿಕ್ ಸಿರಪ್. ತಿಂಗಳುಗಟ್ಟಲೆ ಶ್ರಮಪಟ್ಟು ನೆಲೆಸಿದ ಜೀವಿಗಳು ಐದು ದಿನದಲ್ಲಿ ನೆಲಕಚ್ಚುತ್ತವೆ. ತೀವ್ರ ಅಪೌಷ್ಟಿಕತೆಯ ಮಗುವಿಗೆ ಆಸ್ಪತ್ರೆಯಲ್ಲಿ ಆಂಟಿಬಯಾಟಿಕ್ ಕೊಡುವುದು ಬೇರೆ ವಿಷಯ. ಅದು ಜೀವ ಉಳಿಸುತ್ತದೆ.

ಸರ್ಕಾರದ ಕ್ರಮದಂತೆ ಪುನಶ್ಚೇತನ ಕೇಂದ್ರದಿಂದ ಬಿಡುಗಡೆಯಾದ ಮಗುವನ್ನು ಹದಿನೈದು ದಿನಕ್ಕೊಮ್ಮೆ, ನಾಲ್ಕು ಸಲ ಕರೆಸಿ ನೋಡಬೇಕು. ಅಂದರೆ ಒಟ್ಟು ಎರಡು ತಿಂಗಳು. ಢಾಕಾದ ಮಕ್ಕಳಲ್ಲಿ ಕರುಳಿನ ವಯಸ್ಸು ಹಿಂದೆ ಬೀಳತೊಡಗಿದ್ದೇ ಚಿಕಿತ್ಸೆ ಮುಗಿದ ನಂತರದ ತಿಂಗಳುಗಳಲ್ಲಿ. ಆದ್ದರಿಂದ ಈ ನಿಗಾ ಕನಿಷ್ಠ ಆರು ತಿಂಗಳಿರಬೇಕು, ಮಗುವಿಗೆ ಎರಡು ವರ್ಷ ತುಂಬಿರದಿದ್ದರೆ ತುಂಬುವವರೆಗೂ ಇರಬೇಕು ಎಂಬುದು ನನ್ನ ಒತ್ತಾಯ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತವೆ. ಊರಿನ ಅಂಗನವಾಡಿಯ ಪಟ್ಟಿಯಲ್ಲಿ ಮಗುವಿನ ಹೆಸರಿದೆ, ಮಗು ಮಾತ್ರ ವೈಟ್‌ಫೀಲ್ಡಿನ ಶೆಡ್ಡಿನಲ್ಲಿ ಟ್ಯಾಂಕರ್ ನೀರು ಕುಡಿಯುತ್ತಿದೆ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ವಲಸೆ ಹೋದ ಮಗುವಿನ ದಾಖಲೆಯನ್ನು ಹೊಸ ಜಾಗದ ಅಂಗನವಾಡಿಗೆ ವರ್ಗಾಯಿಸುವ ಸೌಲಭ್ಯವಿದೆ. ಅದು ಬಳಕೆಗೆ ಬರಬೇಕಾದರೆ ಗುಳೆ ಹೊರಡುವ ಮುಂಚೆಯೇ ತಾಯಿಗೆ ಈ ಮಾತು ತಿಳಿಸಬೇಕು. ಅಲ್ಲಿ ಇಳಿದ ಮೇಲೆ ಹತ್ತಿರದ ಅಂಗನವಾಡಿಯವರು ‘ನೀವು ಈ ಊರಿನವರಲ್ಲ’ ಎಂದು ಅವಳನ್ನು ವಾಪಸು ಕಳಿಸಬಾರದು.